ಡೇಟಾಶೀಟ್ ಒಂದನ್ನೇ ನಂಬಿ ಆಂಟಿಬಾಡಿ ತರಿಸಬೇಡಿ

ಹಾಸನ, ಚಿಕ್ಕಮಗಳೂರು ಕಡೆ ಪಿಎಚ್‌ಡಿ ಮಾಡುತ್ತಿರುವವರೇ, ಯುಎಸ್‌ಪಿ7 ಎಂಬ ಪ್ರೋಟೀನನ್ನು ಹಿಡಿದು ತೋರಿಸುವ ಆಂಟಿಬಾಡಿಗೆ ಆರ್ಡರ್ ಹಾಕುವ ಮೊದಲು ದಯವಿಟ್ಟು ಇದನ್ನು ಓದಿ.

ಬೇರೆ ಪ್ರೋಟೀನ್‌ಗೆ ಅಂಟಿಕೊಂಡ ಯುಬಿಕ್ವಿಟಿನ್ (ನಾಶಕ್ಕೆ ಗುರುತು ಹಾಕುವ ಚಿಕ್ಕ ಪ್ರೋಟೀನ್) ಕಿತ್ತು, ಆ ಪ್ರೋಟೀನ್ ನಾಶವಾಗದಂತೆ ಉಳಿಸುವ ಎಂಜೈಮ್ ಯುಎಸ್‌ಪಿ7. ಕ್ಯಾನ್ಸರ್ ತಡೆಯುವ ಪಿ53, ಅದನ್ನು ನಾಶಕ್ಕೆ ದೂಡುವ ಎಂಡಿಎಂ2, ಎರಡರ ಮೇಲೂ ಇದರ ಹಿಡಿತವಿದೆ. 1102 ಅಮೈನೋ ಆಮ್ಲಗಳ ದೊಡ್ಡ ಪ್ರೋಟೀನ್, ತೂಕ ಸುಮಾರು 128 ಕಿಲೋಡಾಲ್ಟನ್. ಅಂದರೆ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನ್‌ಗೆ ಇಳಿಸಿ, ಆಂಟಿಬಾಡಿ ಹಾಕಿ ನೋಡುವ ಪರೀಕ್ಷೆ) ಬ್ಯಾಂಡ್ 130ರ ಮಾರ್ಕರ್ ಆಸುಪಾಸಿನಲ್ಲಿ ಬೀಳಬೇಕು.

ಹಾಸನದ ನಮ್ಮ ಲ್ಯಾಬ್‌ಗೆ ಬೆಂಗಳೂರಿನ ಡೀಲರ್ ಒಬ್ಬರಿಂದ ಮೊಲದ ಪಾಲಿಕ್ಲೋನಲ್ (ಮೊಲದಿಂದ ಪಡೆದ ಹಲವು ಬಗೆಯ ಆಂಟಿಬಾಡಿಗಳ ಮಿಶ್ರಣ) ತರಿಸಿದೆವು. 130ರಲ್ಲಿ ಕಂಡೂ ಕಾಣದಂಥ ಗೆರೆ, 70ರ ಕೆಳಗೆ ಕಪ್ಪಗೆ ದಪ್ಪನೆಯ ಬ್ಯಾಂಡ್. “ನಿಮ್ಮ ಟ್ರಾನ್ಸ್‌ಫರ್ ಸರಿಯಾಗಿಲ್ಲ ಮೇಡಂ” ಅಂದರು ಡೀಲರ್. ಆದರೆ ಎಲ್ಲ ಪ್ರೋಟೀನ್‌ಗಳನ್ನೂ ತೋರಿಸುವ ಪಾನ್ಸೋ ಬಣ್ಣ ಹಾಕಿದರೆ ದೊಡ್ಡ ಪ್ರೋಟೀನ್‌ಗಳೆಲ್ಲ ಮೆಂಬ್ರೇನ್ ಮೇಲೆ ನಿಚ್ಚಳವಾಗಿ ಇಳಿದಿದ್ದವು.

ಒತ್ತಾಯ ಮಾಡಿದ ಮೇಲೆ ಬೇರೆ ಲಾಟ್ ಕಳಿಸಿದರು. ನಿಜವಾದ ಅಪಾಯ ಇದ್ದದ್ದು ಇದರಲ್ಲೇ. ಈ ಸಲ 130ರಲ್ಲೇ ಚೆಂದದ ಬ್ಯಾಂಡ್! ಅಲ್ಲಿಗೇ ನಿಲ್ಲಿಸಿದ್ದರೆ ಅದು ಥೀಸಿಸ್‌ಗೆ ಹೋಗಿಬಿಡುತ್ತಿತ್ತು. ಯುಎಸ್‌ಪಿ7 ತಯಾರಾಗುವುದನ್ನು ತಗ್ಗಿಸುವ ಎಸ್‌ಐಆರ್‌ಎನ್‌ಎ ಕೊಟ್ಟ ಕೋಶಗಳಲ್ಲಿ ಅದರ ಆರ್‌ಎನ್‌ಎ ಚೆನ್ನಾಗಿ ಕುಸಿದಿತ್ತು, ಬ್ಯಾಂಡ್ ಮಾತ್ರ ಒಂದಿಷ್ಟೂ ತೆಳುವಾಗಲಿಲ್ಲ. ಅದೇ ಕೋಶಗಳನ್ನು ಒಡೆದು ಮಾಡಿದ ಲೈಸೇಟ್ ಮೇಲೆ ಗೆಳತಿಯ ಲ್ಯಾಬ್‌ನಿಂದ ತಂದ ರಿಕಾಂಬಿನೆಂಟ್ (ಗೊತ್ತಿರುವ ಜೀನ್‌ನಿಂದ ಲ್ಯಾಬ್‌ನಲ್ಲಿ ತಯಾರಿಸಿದ) ಆಂಟಿಬಾಡಿ ಹಾಕಿದಾಗ ಬ್ಯಾಂಡ್ ಮುಕ್ಕಾಲು ಪಾಲು ಮಾಯ. ನಮ್ಮದು ಹಿಡಿಯುತ್ತಿದ್ದದ್ದು ಬೇರೆ ಯಾವುದೋ ಪ್ರೋಟೀನನ್ನು. ಸೀಲ್ ಒಡೆದಿದೆ ಎಂದು ದುಡ್ಡೂ ವಾಪಸ್ ಬರಲಿಲ್ಲ. ಸಣ್ಣ ಊರಿನ ಲ್ಯಾಬ್‌ಗೆ ಒಂದು ವಯಲ್ ಅಂದರೆ ವರ್ಷದ ಕನ್ಸ್ಯೂಮಬಲ್ಸ್ ದುಡ್ಡಿನಲ್ಲಿ ದೊಡ್ಡ ತುತ್ತು, ಅದಕ್ಕೇ ಇಷ್ಟು ಸಂಕಟ.

ಇದು ನಮ್ಮೊಬ್ಬರ ಪಾಡಲ್ಲ. ಆಂಟಿಬಾಡಿಗಳನ್ನು ಪರೀಕ್ಷಿಸುವ ವೈಕಾರೋಸ್ (YCharOS) ತಂಡ 65 ಪ್ರೋಟೀನ್‌ಗಳ 614 ಆಂಟಿಬಾಡಿಗಳನ್ನು ನಾಕ್‌ಔಟ್ ಕೋಶಗಳ (ಆ ಪ್ರೋಟೀನಿನ ಜೀನ್ ಕೆಡಿಸಿದ ಕೋಶಗಳು) ಜೊತೆ ಹೋಲಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿತು. ಗುರಿಯನ್ನೇ ಹಿಡಿಯದ ಆಂಟಿಬಾಡಿ ಬಳಸಿದ ಪ್ರಬಂಧಗಳು ಪ್ರೋಟೀನ್ ಒಂದಕ್ಕೆ ಸರಾಸರಿ 12 ಸಿಕ್ಕವು. ಒಟ್ಟಾರೆ ರಿಕಾಂಬಿನೆಂಟ್‌ಗಳೇ ಮೇಲು ಎಂದೂ ಗೊತ್ತಾಯಿತು. ಅವರ ವರದಿಗಳು ಪುಕ್ಕಟೆ ಸಿಗುತ್ತವೆ. ನಿಮ್ಮ ಪ್ರೋಟೀನ್ ಅಲ್ಲಿದೆಯಾ ಅಂತ ಮೊದಲು ಹುಡುಕಿ.

ಡೀಲರ್ ಹತ್ತಿರ ನಾಕ್‌ಔಟ್ ಬ್ಲಾಟ್ ಕೇಳಿ, ಮಾರ್ಕರ್ ಸಮೇತ ಪೂರ್ತಿ ಮೆಂಬ್ರೇನಿನದು, ಕತ್ತರಿಸಿದ ಚಿತ್ರ ಬೇಡ. ಕೊಟೇಶನ್‌ನಲ್ಲೇ ಲಾಟ್ ನಂಬರ್ ಬರೆಸಿ. ಕೆಲಸ ಮಾಡದಿದ್ದರೆ ಹಣ ವಾಪಸ್ ಎಂಬುದೂ ಬರಹದಲ್ಲೇ ಇರಲಿ, ಫೋನಿನ ಮಾತು ಸಾಲದು. ಬರೆದುಕೊಡಲು ಹಿಂದೇಟು ಹಾಕಿದರೆ ಬೇರೆ ಡೀಲರ್ ನೋಡಿ.