ಅಂಗಳದ ದರಕಿಗೆ ಯಾವ ಬ್ಲೋವರ್? ಮೂರು ಬೇಸಿಗೆಗಳ ಬಳಕೆಯ ನಂತರ ಒಂದು ವಿಮರ್ಶೆ

ಶಿರಸಿ ಸೀಮೆಯ ಅಡಿಕೆ ಬೆಳೆಗಾರರ ಮನೆಗಳಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ದರಕು ಬಳಿಯುವುದು, ಅಂದರೆ ಉದುರಿದ ಒಣ ಎಲೆ ಗುಡಿಸಿ ಒಟ್ಟುವುದು, ದಿನವೂ ಮುಗಿಯದ ಕೆಲಸ. ನಮ್ಮ ಅಂಗಳದ ಸುತ್ತ ಎರಡು ಹಲಸಿನ ಮರ, ಒಂದು ಅಪ್ಪೆಮಾವು ಮತ್ತು ಬೇಲಿಯುದ್ದಕ್ಕೂ ಸಾಗುವಾನಿಯ ಸಾಲು ಇದೆ. ಸಾಗುವಾನಿಯ ಎಲೆ ಉದುರಲು ತೊಡಗಿತೆಂದರೆ ಬೆಳಿಗ್ಗೆ ಗುಡಿಸಿದ ಜಾಗವು ಸಂಜೆಗೆ ಗುರುತು ಸಿಗದಂತಾಗುತ್ತದೆ. ಅದೇ ಹೊತ್ತಿಗೆ ಅಡಿಕೆ ಕೊಯ್ಲು ಇರುವುದರಿಂದ ಅಡಿಕೆ ಹರವಲು ಅಂಗಳ ಚೊಕ್ಕವಾಗಿರಬೇಕು, ಆದರೆ ಗುಡಿಸಲು ಆಳು ಸಿಗುವುದಿಲ್ಲ. ಈ ಕಾರಣಕ್ಕೆ ಗಾಳಿ ಊದುವ ಯಂತ್ರ, ಅಂದರೆ ಬ್ಲೋವರ್ ಕೊಂಡೆ. ಒಂದರಿಂದ ಕೆಲಸ ಸಾಗದೆ ಮತ್ತೊಂದನ್ನು ಕೊಂಡೆ, ದೊಡ್ಡದೊಂದನ್ನು ನೆಂಟರ ಮನೆಯಿಂದ ತಂದು ಬಳಸಿದೆ. ಕೊಳ್ಳುವ ಮೊದಲು ನನಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಎನಿಸಿದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೊದಲು ಮೋಸಹೋದದ್ದು ಗಾಳಿಯ ವೇಗದ ಅಂಕಿಯಲ್ಲಿ. ಗಂಟೆಗೆ 300 ಕಿಲೋಮೀಟರ್ ವೇಗ ಎಂದು ಬರೆದಿದ್ದ, ಹೆಸರೇ ಕೇಳದ ಕಂಪನಿಯೊಂದರ ಅಗ್ಗದ ಯಂತ್ರವನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ಅದರ ಕೊಳವೆಯ ಬಾಯಿ ಬಹಳ ಸಣ್ಣದು. ಗಾಳಿ ಬಾಣದಂತೆ ಬರುತ್ತಿತ್ತು, ಅಂಗೈ ಅಗಲದ ಜಾಗವನ್ನು ಚೆನ್ನಾಗಿ ಚೊಕ್ಕಗೊಳಿಸುತ್ತಿತ್ತು, ಆದರೆ ಎಲೆಯ ರಾಶಿ ಅಲುಗುತ್ತಿರಲಿಲ್ಲ. ರಾಶಿಯ ನಡುವೆ ಒಂದು ತೂತು ಬಿದ್ದು, ಎಲೆಗಳು ಎರಡೂ ಬದಿಗೆ ಚದುರುತ್ತಿದ್ದವು. ಕೆಟ್ಟು ನಿಂತಾಗ ಇಂಜಿನ್ನಿಗೆ ಪೆಟ್ರೋಲ್ ಬಿಡುವ ಅದರ ಕಾರ್ಬೊರೇಟರಿನ ಡಯಾಫ್ರಾಂ ಎಂಬ ತೆಳು ಪೊರೆ ಶಿರಸಿಯಲ್ಲಿಯೂ ಸಿಗಲಿಲ್ಲ, ಹುಬ್ಬಳ್ಳಿಯಲ್ಲಿಯೂ ಸಿಗಲಿಲ್ಲ.

ವೇಗವು ನೆಲಕ್ಕೆ ಅಂಟಿದ ಎಲೆಯನ್ನು ಎಬ್ಬಿಸುತ್ತದೆ, ಗಾಳಿಯ ಪ್ರಮಾಣವು ಎದ್ದ ಎಲೆಯನ್ನು ಮುಂದಕ್ಕೆ ಒಯ್ಯುತ್ತದೆ. ಎರಡೂ ಸೇರಿದಾಗ ಹುಟ್ಟುವ ತಳ್ಳುವ ಬಲವನ್ನು ನ್ಯೂಟನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಳ್ಳೆಯ ಕಂಪನಿಗಳು ಈಗ ಈ ಅಂಕಿಯನ್ನು ಕೊಡುತ್ತವೆ, ಎರಡು ಯಂತ್ರಗಳನ್ನು ಹೋಲಿಸಲು ಇದಕ್ಕಿಂತ ನೇರವಾದ ಅಳತೆ ಬೇರಿಲ್ಲ. ಕೈಯಲ್ಲಿ ಹಿಡಿಯುವ ಪೆಟ್ರೋಲ್ ಬ್ಲೋವರ್‌ಗಳಲ್ಲಿ ಇದು ಸಾಮಾನ್ಯವಾಗಿ 11ರಿಂದ 15 ನ್ಯೂಟನ್ ಇರುತ್ತದೆ, ಬೆನ್ನಿಗೆ ಹೊರುವ ದೊಡ್ಡ ಯಂತ್ರಗಳಲ್ಲಿ 30ನ್ನು ದಾಟುತ್ತದೆ. ನ್ಯೂಟನ್ ಅಂಕಿ ಇಲ್ಲದಿದ್ದರೆ ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಎಂದು ನೋಡಬೇಕು. ಅಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಕೊಳವೆ ಜೋಡಿಸದೆ ಯಂತ್ರದ ಬಾಯಲ್ಲಿ ಅಳೆದ ಪ್ರಮಾಣ ಹೆಚ್ಚಿರುತ್ತದೆ, ಕೊಳವೆಯ ತುದಿಯಲ್ಲಿ ಅಳೆದದ್ದು ಕಡಿಮೆಯಿರುತ್ತದೆ. ನಮ್ಮ ಅಂಗಳಕ್ಕೆ ಸಂಬಂಧಿಸಿದ್ದು ಎರಡನೆಯದು.

ವಿದ್ಯುತ್ತಿನ ಸಣ್ಣ ಬ್ಲೋವರ್‌ಗಳ ಬಗ್ಗೆ ಹಲವರು ಕೇಳುತ್ತಾರೆ, ಏಕೆಂದರೆ ಅವು ಕೆಲವೇ ಸಾವಿರ ರೂಪಾಯಿಗಳಲ್ಲಿ ಸಿಗುತ್ತವೆ. ಉದಾಹರಣೆಗೆ ಬಾಶ್ ಜಿಬಿಎಲ್ 620 ಎಂಬುದು 620 ವ್ಯಾಟಿನದು, 1.8 ಕಿಲೋ ತೂಕದ್ದು, ನಿಮಿಷಕ್ಕೆ 3.5 ಘನ ಮೀಟರ್ ಗಾಳಿ ಕೊಡುತ್ತದೆ. ಇದು ವರ್ಕ್‌ಶಾಪ್‌ಗಳ ಧೂಳು ಹೊಡೆಯಲೆಂದು ಮಾಡಿದ ಉಪಕರಣ. ಆ ಕೆಲಸದಲ್ಲಿ ಅದಕ್ಕೆ ಸಾಟಿಯಿಲ್ಲ. ಜಗಲಿ, ಕಾರ್ ನಿಲ್ಲಿಸುವ ಜಾಗ, ಪೇಟೆಯ ಮನೆಯ ಟೆರೇಸ್, ಕಿಟಕಿಯ ಸಂದು, ಕಂಪ್ಯೂಟರಿನ ಒಳಗಿನ ಧೂಳು ಇವುಗಳಿಗೆ ಇದೇ ಸಾಕು. ನಾನು ಇದನ್ನು ಇಂದಿಗೂ ಅಡಿಕೆ ಸುಲಿಯುವ ಯಂತ್ರದ ಒಳಗೆ ಕುಳಿತ ಸಿಪ್ಪೆಯ ನಾರು ತೆಗೆಯಲು ಬಳಸುತ್ತೇನೆ. ಕಾಲು ಎಕರೆ ಅಂಗಳದಲ್ಲಿ ಸಾಗುವಾನಿಯ ಎಲೆ ತಳ್ಳುವುದು ಅದರ ಕೆಲಸವಲ್ಲ. ಜೊತೆಗೆ ಉದ್ದದ ವೈರ್ ತುಳಸಿಕಟ್ಟೆಗೆ ಸುತ್ತಿಕೊಳ್ಳುತ್ತದೆ, ಹೂವಿನ ಗಿಡಗಳನ್ನು ಎಳೆಯುತ್ತದೆ.

ಬ್ಯಾಟರಿಯ ಬ್ಲೋವರ್‌ಗಳು ಸದ್ದು ಕಡಿಮೆಯವು, ಹೊಗೆಯಿಲ್ಲದವು, ಗುಂಡಿ ಒತ್ತಿದೊಡನೆ ನಡೆಯುತ್ತವೆ. ಅಕ್ಕಪಕ್ಕದಲ್ಲಿ ಮನೆಗಳಿರುವ ಬೆಂಗಳೂರು, ಮೈಸೂರುಗಳಲ್ಲಿ ನಾನು ಇದ್ದಿದ್ದರೆ ಬೇರೆ ಯೋಚನೆಯನ್ನೇ ಮಾಡುತ್ತಿರಲಿಲ್ಲ. ಆದರೆ ಕೊಳ್ಳುವವರು ಒಂದು ಸರಳ ಲೆಕ್ಕ ಮಾಡಬೇಕು. 18 ವೋಲ್ಟಿನ, 5 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದು 90 ವ್ಯಾಟ್ ಅವರ್ ಶಕ್ತಿ. ಯಂತ್ರವು ಪೂರ್ಣ ಜೋರಿನಲ್ಲಿ 540 ವ್ಯಾಟ್ ಎಳೆದರೆ ಅದು ಹತ್ತೇ ನಿಮಿಷಕ್ಕೆ ಮುಗಿಯುತ್ತದೆ. ನಮ್ಮ ಅಂಗಳಕ್ಕೆ ನಲವತ್ತು ನಿಮಿಷ ಬೇಕು. ಅಂದರೆ ನಾಲ್ಕು ಬ್ಯಾಟರಿ ಇಟ್ಟುಕೊಳ್ಳಬೇಕು, ಅಷ್ಟರಲ್ಲಿ ಬ್ಯಾಟರಿಗಳ ಬೆಲೆಯೇ ಯಂತ್ರದ ಬೆಲೆಯನ್ನು ಮೀರುತ್ತದೆ. ಮನೆಯಲ್ಲಿ ಈಗಾಗಲೇ ಅದೇ ಕಂಪನಿಯ ಬ್ಯಾಟರಿ ಡ್ರಿಲ್ಲೋ ಸ್ಪ್ರೇಯರ್ರೋ ಇದ್ದು, ಅದೇ ಬ್ಯಾಟರಿ ಬ್ಲೋವರ್‌ಗೂ ಹೊಂದುವುದಾದರೆ ಮಾತ್ರ ಲೆಕ್ಕ ಬೇರೆಯಾಗುತ್ತದೆ.

ಕೊನೆಗೆ ನಾನು ಕೊಂಡದ್ದು ಹಸ್ಕ್ವಾರ್ನಾ 125ಬಿ ಎಂಬ ಕೈಯಲ್ಲಿ ಹಿಡಿಯುವ ಪೆಟ್ರೋಲ್ ಯಂತ್ರ. ಇದರ ಇಂಜಿನ್ 28 ಸಿಸಿ, ತೂಕ ಸುಮಾರು 4.3 ಕಿಲೋ, ಟ್ಯಾಂಕ್ ಅರ್ಧ ಲೀಟರಿನದು. ಕೊಳವೆಯ ತುದಿಯಲ್ಲಿ ನಿಮಿಷಕ್ಕೆ ಸುಮಾರು 12 ಘನ ಮೀಟರ್ ಗಾಳಿ ಬರುತ್ತದೆ, ಅಂದರೆ ಮೇಲೆ ಹೇಳಿದ ವಿದ್ಯುತ್ ಬ್ಲೋವರಿನ ಸುಮಾರು ಮೂರೂವರೆ ಪಟ್ಟು. ಇದರಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಶಕ್ತಿಗಿಂತ ಎರಡು ಸಣ್ಣ ಅನುಕೂಲಗಳು. ಮೊದಲನೆಯದು, ಆಕ್ಸಿಲರೇಟರನ್ನು ಬೇಕಾದ ಮಟ್ಟಕ್ಕೆ ತಂದು ನಿಲ್ಲಿಸುವ ಸನ್ನೆ. ಅದು ಇಲ್ಲದಿದ್ದರೆ ಬೆರಳು ಅರ್ಧ ಗಂಟೆ ಒತ್ತಿಯೇ ಇರಬೇಕಾಗುತ್ತದೆ. ಎರಡನೆಯದು, ಕೊಳವೆಯ ಉದ್ದವನ್ನು ಹೊಂದಿಸಿಕೊಳ್ಳುವ ವ್ಯವಸ್ಥೆ. ನಾನು ಎತ್ತರದವನು, ಮನೆಯಾಕೆ ಅಷ್ಟು ಎತ್ತರವಿಲ್ಲ. ಇಬ್ಬರೂ ಬೆನ್ನು ಬಗ್ಗಿಸದೆ ಇದನ್ನು ಹಿಡಿಯಬಹುದು. ಆದರೆ ನಾಲ್ಕು ಕಿಲೋ ಎಂಬುದು ಒಂದೇ ಕೈಗೆ ಹಗುರವಲ್ಲ. ಅರ್ಧ ಗಂಟೆಯ ನಂತರ ಮಣಿಕಟ್ಟು ನೋಯುವುದು ಕೈಯಲ್ಲಿ ಹಿಡಿಯುವ ಎಲ್ಲ ಪೆಟ್ರೋಲ್ ಬ್ಲೋವರ್‌ಗಳಿಗೂ ಇರುವ ಮಿತಿ. ಹೀಗಾಗಿ ಅಂಗಡಿಯಲ್ಲಿಯೇ ಐದು ನಿಮಿಷ ಹಿಡಿದು ನಿಂತು ನೋಡಿ ಕೊಳ್ಳುವುದು ಒಳ್ಳೆಯದು.

ಬಳಸುವ ಕ್ರಮವನ್ನು ನಾನು ಕಲಿತದ್ದು ಮನೆಯಲ್ಲಿ ಒಮ್ಮೆ ಬೇಸರವಾದ ಮೇಲೆ. ನಮ್ಮ ಒಳ ಅಂಗಳಕ್ಕೆ ಇಂದಿಗೂ ಸಗಣಿ ಸಾರಿಸುತ್ತೇವೆ. ಮೊದಲ ದಿನ ಪೂರ್ಣ ಜೋರಿನಲ್ಲಿ ಕೊಳವೆಯನ್ನು ನೆಲಕ್ಕೆ ನೇರ ಹಿಡಿದು ಊದಿದಾಗ, ಆಯಿ, ಅಂದರೆ ನನ್ನ ಅಮ್ಮ, ಹಿಂದಿನ ವಾರವಷ್ಟೇ ಸಾರಿಸಿದ್ದ ನೆಲದ ಪದರವು ಹಕ್ಕಳೆ ಹಕ್ಕಳೆಯಾಗಿ ಎದ್ದುಹೋಯಿತು. ಎಪ್ಪತ್ತು ದಾಟಿದ ಅವರು ಮತ್ತೆ ಕುಳಿತು ಸಾರಿಸುವುದನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟವಾಯಿತು. ಅಂದಿನಿಂದ ಆ ಅಂಗಳದಲ್ಲಿ ಕಾಲು ಭಾಗದಷ್ಟೇ ಜೋರು ಕೊಡುತ್ತೇನೆ. ಕೊಳವೆಯ ತುದಿ ನೆಲದಿಂದ ಒಂದು ಗೇಣು ಮೇಲಿರಬೇಕು, ಗಾಳಿ ನೆಲವನ್ನು ಸವರಿಕೊಂಡು ಹೋಗುವಂತೆ ಓರೆಯಾಗಿರಬೇಕು, ಕೈಯನ್ನು ಎಡಬಲಕ್ಕೆ ನಿಧಾನವಾಗಿ ಬೀಸುತ್ತ ಹಿಂದಿನ ಸಾಲಿಗೆ ಸ್ವಲ್ಪ ಸೇರಿಸಿಕೊಂಡೇ ಮುಂದೆ ಹೋಗಬೇಕು. ಗಾಳಿ ಬರುವ ದಿಕ್ಕಿಗೆ ಬೆನ್ನು ಹಾಕಿ ನಿಲ್ಲದಿದ್ದರೆ ಊದಿದ್ದೆಲ್ಲ ಮುಖಕ್ಕೇ ಬರುತ್ತದೆ. ನಮ್ಮಲ್ಲಿ ಇಬ್ಬನಿ ಹೆಚ್ಚು. ಬೆಳಗಿನ ಏಳಕ್ಕೆ ಎಲೆ ಒದ್ದೆಯಾಗಿ ನೆಲಕ್ಕೆ ಕಚ್ಚಿರುತ್ತದೆ, ಮಧ್ಯಾಹ್ನ ಹನ್ನೆರಡಕ್ಕೆ ಎಲೆ ಹಗುರವಾಗಿದ್ದರೂ ಧೂಳು ಮುಗಿಲಿಗೆ ಏಳುತ್ತದೆ. ಎಲೆ ಆರಿ ಮಣ್ಣು ಇನ್ನೂ ತಂಪಾಗಿರುವ ಒಂಬತ್ತೂವರೆಯ ಸುಮಾರಿಗೆ ಕೆಲಸ ಅತ್ಯಂತ ಸಲೀಸು.

ಎಲೆಯನ್ನು ಅಂಗಳದ ಒಂದು ಬದಿಗೆ ಹಾಸಿದ ಟಾರ್ಪಾಲಿನ ಮೇಲೆಯೇ ತಳ್ಳಿಬಿಟ್ಟರೆ ಬುಟ್ಟಿಗೆ ತುಂಬುವ ಕೆಲಸ ತಪ್ಪುತ್ತದೆ. ನಾಲ್ಕು ಮೂಲೆ ಹಿಡಿದು ಕೊಟ್ಟಿಗೆಗೆ ಎಳೆದುಕೊಂಡು ಹೋದರಾಯಿತು. ದನಗಳ ಕಾಲಡಿಗೆ ಹಾಸಿ, ಗೊಬ್ಬರವಾದ ಮೇಲೆ ತೋಟಕ್ಕೆ ಸೇರುತ್ತದೆ. ಕೆಲವು ಮಾದರಿಗಳಲ್ಲಿ ಎಲೆಯನ್ನು ಹೀರಿ ಚೂರು ಮಾಡಿ ಚೀಲಕ್ಕೆ ತುಂಬುವ ಜೋಡಣೆಯೂ ಬರುತ್ತದೆ, ಹೆಚ್ಚಿನ ಬೆಲೆ ಕೊಟ್ಟು ಅದನ್ನು ಕೊಳ್ಳಬೇಕೇ ಎಂದು ಕೇಳುವವರಿದ್ದಾರೆ. ನಮ್ಮ ಕಡೆಯ ಎಲೆಗಳಿಗೆ ಅದು ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊರದಗಲದ ಸಾಗುವಾನಿ ಎಲೆ ಕೊಳವೆಯ ಬಾಯಿಗೇ ಅಡ್ಡ ನಿಲ್ಲುತ್ತದೆ, ಜಂಬಿಟ್ಟಿಗೆ ಕಲ್ಲಿನ ಹರಳುಗಳು ಒಳಗೆ ಹೋದರೆ ಫ್ಯಾನಿನ ರೆಕ್ಕೆಗೆ ಪೆಟ್ಟು. ಇನ್ನು ಅಡಿಕೆ ತೋಟದೊಳಗೆ ಬ್ಲೋವರ್ ಒಯ್ಯಲೇಬಾರದು. ಅಲ್ಲಿನ ದರಕು ಕಸವಲ್ಲ, ಬೇರಿಗೆ ಹೊದಿಕೆ. ಅದನ್ನು ಊದಿದರೆ ಮೇಲ್ಮಣ್ಣೂ ಹೋಗುತ್ತದೆ, ಬೇರೂ ಬಿಸಿಲಿಗೆ ಬೀಳುತ್ತದೆ.

ಮರ ಕಡಿದ ನಂತರದ ಕೆಲಸದಲ್ಲಿ ಬ್ಲೋವರಿನ ಪಾಲು ಕೊನೆಯದು. ಕಳೆದ ವರ್ಷ ವಿದ್ಯುತ್ ತಂತಿಗೆ ತಾಗುತ್ತಿದ್ದ ಮಾವಿನ ಎರಡು ಹರೆಗಳನ್ನು ಕಡಿಸಿದೆವು. ಕಡಿಯಲು ಬಂದವರು ಹರೆ, ಸೊಪ್ಪು, ರೆಂಬೆಗಳೆಲ್ಲ ಬಿದ್ದಲ್ಲೇ ಊದಲು ತೊಡಗಿದರು, ಅರ್ಧ ಗಂಟೆ ಪೆಟ್ರೋಲ್ ಸುಟ್ಟರೂ ಜಾಗ ಹಾಗೇ ಇತ್ತು. ಬೆರಳು ಗಾತ್ರದ ಕಡ್ಡಿಯೊಂದು ಅಡ್ಡ ಬಿದ್ದಿದ್ದರೆ ಅದರ ಹಿಂದೆ ಬುಟ್ಟಿಯಷ್ಟು ಎಲೆ ತಡೆದು ನಿಲ್ಲುತ್ತದೆ. ಮೊದಲು ಹರೆಗಳನ್ನು ಎಳೆದು ಒಟ್ಟಬೇಕು, ಆಮೇಲೆ ಹಲ್ಲುಗೋಲಿನಿಂದ ಕಡ್ಡಿಗಳನ್ನು ಬಳಿಯಬೇಕು, ಉಳಿದ ಎಲೆ ಮತ್ತು ಗರಗಸದ ಪುಡಿಗೆ ಮಾತ್ರ ಬ್ಲೋವರ್ ಹಿಡಿಯಬೇಕು. ಪುಡಿಯಲ್ಲಿ ಚೈನ್‌ಸಾದ ಎಣ್ಣೆ ಬೆರೆತಿರುವುದರಿಂದ ಸಿಮೆಂಟ್ ನೆಲದಲ್ಲಾದರೆ ಅಂದೇ ತೆಗೆಯುವುದು ಮೇಲು, ಮಳೆ ಬಿದ್ದರೆ ಕಲೆ ಕೂರುತ್ತದೆ. ಹೆಂಚಿನ ಮೇಲಿನ ಎಲೆ ಮತ್ತು ನೀರು ಹರಿಯುವ ದೋಣಿಯ ಕಸಕ್ಕೂ ಇದು ಒಳ್ಳೆಯದೇ, ಆದರೆ ಏಣಿಯ ಮೇಲೆ ನಿಂತು ಒಂದು ಕೈಯಲ್ಲಿ ಯಂತ್ರ ಹಿಡಿಯುವ ಸಾಹಸ ಬೇಡ. ಗಾಳಿಯ ಒದೆತಕ್ಕೆ ಕೈ ಹಿಂದಕ್ಕೆ ತಳ್ಳಲ್ಪಡುತ್ತದೆ.

ಬೆನ್ನಿಗೆ ಹೊರುವ ಸ್ಟಿಲ್ ಬಿಆರ್ 600ನ್ನು ನೆಂಟರಿಂದ ತಂದು ನಾಲ್ಕು ದಿನ ಬಳಸಿದೆ. 64.8 ಸಿಸಿ ಇಂಜಿನ್, ಹತ್ತು ಕಿಲೋಗೆ ಹತ್ತಿರದ ತೂಕ, 32 ನ್ಯೂಟನ್ ಬಲ. ಭಾರ ಬೆನ್ನಿಗೆ ಬೀಳುವುದರಿಂದ ಕೈ ನೋಯುವುದೇ ಇಲ್ಲ. ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು, ದರಕು ತರುವ ಕಾಡಿನ) ಅಂಚಿನಲ್ಲಿ ಬೆಂಕಿ ಹಾಯದಂತೆ ದರಕು ಸರಿಸಿ ದಾರಿ ಮಾಡಲು ಇದಕ್ಕಿಂತ ತಕ್ಕ ಯಂತ್ರವನ್ನು ನಾನು ಕಂಡಿಲ್ಲ. ಅರಣ್ಯ ಇಲಾಖೆಯವರೂ ಬೆಂಕಿ ರೇಖೆ ಬಿಡಿಸಲು ಈ ಬಗೆಯ ಯಂತ್ರಗಳನ್ನೇ ಬೆನ್ನಿಗೇರಿಸುತ್ತಾರೆ. ಬರೀ ಮನೆಯಂಗಳಕ್ಕೆ ಇದು ಅತಿಯಾಯಿತು. ನಾಲ್ಕೈದು ಮನೆಯವರು ಸೇರಿ ಒಂದನ್ನು ಕೊಂಡು ಬೆಟ್ಟದ ಕೆಲಸಕ್ಕೆ ಹಂಚಿಕೊಳ್ಳುವುದು ಜಾಣತನ.

ಬೆಟ್ಟದ ದರಕಿನ ಮಾತು ಬಂದಾಗ ಒಂದನ್ನು ಒತ್ತಿ ಹೇಳಬೇಕು. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಅದನ್ನು ಹರಡುವ ಉಣುಗುಗಳು ಒಣ ಎಲೆಯ ನಡುವೆಯೇ ಇರುತ್ತವೆ, ಅವುಗಳ ಕಾಟ ಹೆಚ್ಚಾಗುವುದೂ ನಾವು ದರಕು ಬಳಿಯುವ ತಿಂಗಳುಗಳಲ್ಲಿಯೇ. ಆರೋಗ್ಯ ಇಲಾಖೆ ಎಚ್ಚರಿಕೆ ಕೊಟ್ಟ ಊರುಗಳಲ್ಲಿ ಕಾಡಿನ ದರಕನ್ನು ಮನೆಯ ಹತ್ತಿರ ತರುವುದನ್ನೇ ಬಿಡಬೇಕು. ಉಳಿದೆಡೆಯೂ ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಗಂಬೂಟು ಹಾಕಿ, ಉಣುಗು ಹತ್ತದಂತೆ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡೇ ಯಂತ್ರ ಹಿಡಿಯಬೇಕು. ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಎಂದಿಗೂ ಬಿಡಬಾರದು. ಕಿವಿಯ ವಿಷಯದಲ್ಲಿ ನಮ್ಮವರ ಅಸಡ್ಡೆ ನನಗೆ ನೋವು ತರುತ್ತದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೇಳಬಾರದೆನ್ನುತ್ತಾರೆ, ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧವಾಗುತ್ತದೆ. ಪೆಟ್ರೋಲ್ ಬ್ಲೋವರ್ ಹಿಡಿದವರ ಕಿವಿಯ ಬಳಿ ಸದ್ದು ಸಾಮಾನ್ಯವಾಗಿ 90ನ್ನು ದಾಟಿಯೇ ಇರುತ್ತದೆ. 94 ಆದರೆ ಒಂದೇ ಗಂಟೆ. ಕಿವಿಮುಚ್ಚಳದ ಬೆಲೆ ಕೆಲವು ನೂರು ರೂಪಾಯಿ, ಕೂಲಿಗೆ ಬಂದವರಿಗೂ ಅದನ್ನು ಕೊಡಬೇಕಾದದ್ದು ಯಂತ್ರದ ಮಾಲೀಕರ ಹೊಣೆ.

ಇಂಧನದ ತಪ್ಪಿನಿಂದಲೇ ಹೆಚ್ಚಿನ ಯಂತ್ರಗಳು ಕೆಡುತ್ತವೆ. 125ಬಿಗೆ 50ಕ್ಕೆ 1ರ ಅಳತೆ, ಅಂದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಟೂ ಸ್ಟ್ರೋಕ್ ಆಯಿಲ್. ನಮ್ಮ ಚೈನ್‌ಸಾಗೂ ಅದೇ ಅಳತೆ ಇರುವುದರಿಂದ ಒಂದೇ ಕ್ಯಾನ್ ಸಾಕಾಗುತ್ತದೆ. ಹಳೆಯ ವೀಡ್ ಕಟ್ಟರ್‌ಗೆ 25ಕ್ಕೆ 1, ಲೀಟರಿಗೆ 40 ಮಿಲಿಲೀಟರ್ ಬೇಕು. ಎರಡು ಕ್ಯಾನ್‌ಗಳ ಮೇಲೆ ಬಣ್ಣದಲ್ಲಿ ಬರೆದಿಡದಿದ್ದರೆ ಒಂದಲ್ಲ ಒಂದು ದಿನ ಅದಲುಬದಲಾಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ, ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಲೆನಾಡಿನ ಹವೆಯಲ್ಲಿ ಇದು ಸಣ್ಣ ಮಾತಲ್ಲ. ಎರಡು ವಾರಕ್ಕೆ ಬೇಕಾದಷ್ಟನ್ನೇ ಬೆರೆಸಿ ಮುಗಿಸುವುದು ನನ್ನ ರೂಢಿ.

ಕೊಳ್ಳುವಾಗ ಅಂಗಡಿಯವರಿಂದ ಯಂತ್ರವನ್ನು ಎದುರಿಗೇ ಚಾಲೂ ಮಾಡಿಸಿ. ಪ್ಲಗ್, ಏರ್ ಫಿಲ್ಟರ್, ಸ್ಟಾರ್ಟರಿನ ಹಗ್ಗ, ಕಾರ್ಬೊರೇಟರಿನ ಡಯಾಫ್ರಾಂ ಈ ನಾಲ್ಕು ಅವರ ಕಪಾಟಿನಲ್ಲಿ ಇವೆಯೇ ಎಂದು ಕಣ್ಣಾರೆ ನೋಡಿ. ತರಿಸಿಕೊಡುತ್ತೇವೆ ಎಂಬ ಉತ್ತರ ಬಂದರೆ ಬೇರೆ ಅಂಗಡಿಗೆ ಹೋಗಿ.

ಮಳೆ ಹಿಡಿದ ಮೇಲೆ ಬ್ಲೋವರಿಗೆ ಕೆಲಸವಿಲ್ಲ. ಒದ್ದೆ ಎಲೆಗೆ ತೆಂಗಿನ ಕಡ್ಡಿಯ ಪೊರಕೆಯೇ ಬೇಕು. ಜೂನ್ ಮೊದಲ ವಾರ ನಾನು ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ತಣಿದ ಮೇಲೆ ಪ್ಲಗ್ ಬಿಚ್ಚಿ ನಾಲ್ಕು ಹನಿ ಎಣ್ಣೆ ಬಿಟ್ಟು, ಹಗ್ಗವನ್ನು ಎರಡು ಸಲ ನಿಧಾನವಾಗಿ ಎಳೆದು ಪ್ಲಗ್ ಮುಚ್ಚುತ್ತೇನೆ. ಆಮೇಲೆ ಕೊಳವೆಯ ಬಾಯಿಗೆ ಬಟ್ಟೆ ಕಟ್ಟಿ, ಒಲೆಯ ಬಿಸಿ ತಾಗುವ ಬಚ್ಚಲ ಕಡೆಗಲ್ಲದೆ, ಅಟ್ಟದ ತೊಲೆಗೆ ತೂಗುಹಾಕುತ್ತೇನೆ. ಬಟ್ಟೆ ಕಟ್ಟದೆ ಬಿಟ್ಟ ವರ್ಷ ಕೊಳವೆಯೊಳಗೆ ಇಲಿ ಅಡಿಕೆ ಸಿಪ್ಪೆಯ ಗೂಡು ಕಟ್ಟಿತ್ತು.