ವಸ್ತಿ ಬಸ್ಸಾ, ಟಂಟಮ್ಮಾ, ಹಳೇ ಎಕ್ಸೆಲ್ಲಾ?

ಹಳ್ಳಿಯಿಂದ ಪೇಟೆಗೆ ಹೋಗಿ ಬರೋಕೆ ಯಾವುದು ಒಳ್ಳೇದು ಅನ್ನೋದು ಪ್ರಶ್ನೆ. ಸೆಕೆಂಡ್ ಹ್ಯಾಂಡ್ ಟಿವಿಎಸ್ ಎಕ್ಸೆಲ್ ಮೊಪೆಡ್ ಮನೆಗೆ ಬಂದ ಮೇಲೆ ನಾನು ಟಂಟಂ, ಅಂದ್ರೆ ಜನ ತುಂಬಿಸಿಕೊಂಡು ಹೋಗೋ ಶೇರ್ ಆಟೋ, ಕಡೆ ತಿರುಗಿ ನೋಡಿಲ್ಲ. ಹಾಗಾಗಿ ಇದನ್ನು ನಿಷ್ಪಕ್ಷಪಾತ ಹೋಲಿಕೆ ಅಂದುಕೊಳ್ಳಬೇಡಿ. ಮೂರರಲ್ಲೂ ಸಾಕಷ್ಟು ಓಡಾಡಿದ್ದೀನಿ ಅನ್ನೋದಷ್ಟೇ ನನ್ನ ಅರ್ಹತೆ.

ನಮ್ಮೂರು ಹಾವೇರಿ ಜಿಲ್ಲೆಯಲ್ಲಿ, ಕ್ರಾಸಿನಿಂದ 4 ಕಿ.ಮೀ. ಒಳಗಿದೆ. ರಸ್ತೆ ಬಗ್ಗೆ ದೂರಿಲ್ಲ. ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಸಿಗೋಕೆ ಬಯಲುಸೀಮೆಯ ಊರಲ್ಲಿ 500 ಜನ ಇರಬೇಕಿತ್ತು, ಅದೂ 2001ರ ಜನಗಣತಿ ಲೆಕ್ಕದಲ್ಲಿ; ನಮ್ಮೂರಲ್ಲಿ ಅದಕ್ಕಿಂತ ಹೆಚ್ಚೇ ಇದ್ದರು. ಆದರೆ ರಸ್ತೆಗೆ ಎಣಿಸೋದು ತಲೆ, ಬಸ್ಸಿಗೆ ಎಣಿಸೋದು ಕಲೆಕ್ಷನ್ನು. 2011ರ ಜನಗಣತಿಯ ಹಳ್ಳಿವಾರು ಪಟ್ಟಿ ತೆಗೆದು ನೋಡಿ: ಬಸ್ಸು ಊರೊಳಗೇ ಸಿಗುತ್ತಾ, ಇಲ್ಲದಿದ್ದರೆ 5 ಕಿ.ಮೀ. ಒಳಗಾ, 10ರ ಒಳಗಾ, ಅದಕ್ಕೂ ಆಚೆಗಾ ಅಂತ ಇರುತ್ತೆ. ಎಷ್ಟೊತ್ತಿಗೆ ಬರುತ್ತೆ ಅನ್ನೋದಕ್ಕೆ ಕಾಲಂ ಇಲ್ಲ.

ವಸ್ತಿ ಬಸ್ಸು ರಾತ್ರಿ ಬಂದು ಮಲಗಿ ಬೆಳಕು ಹರಿಯೋ ಹೊತ್ತಿಗೆ ಹೊರಡುತ್ತೆ. ಹೊರಟರೆ ನೇರ ಪೇಟೆಗೇ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದಾಗಿನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ನಮ್ಮವ್ವ ಬೇರೆ ಯಾವುದನ್ನೂ ಹತ್ತೋದೇ ಇಲ್ಲ. ಆದರೆ ಆ ಬಸ್ಸಿಗೆ ಹೋದರೆ ಬೀಜದಂಗಡಿ ಬಾಗಿಲು ತೆಗೆಯೋವರೆಗೂ ಚಾ ಕುಡೀತಾ ಕೂರಬೇಕು, ವಾಪಸ್ ಬರೋದು ಸಂಜೆಯ ಸಾಲಿ ಹುಡುಗರ ಬಸ್ಸಿಗೇ.

ಇನ್ನು ಟಂಟಂ. ರೇಟು ಜಾಸ್ತಿ ಅಂತ ನನ್ನ ತಕರಾರಲ್ಲ. ಅದು ತುಂಬೋವರೆಗೂ ಹೊರಡಲ್ಲ ಅನ್ನೋದೇ ತಕರಾರು. ಕ್ರಾಸಿನಲ್ಲಿ ಕೂತಿರ್ತೀವಿ. 'ಇನ್ನಿಬ್ರು ಬಂದ್ರ ಬಿಟ್ಟೇಬಿಡ್ತೀನ್ರಿ' ಅಂತಾನೆ ಡ್ರೈವರ್. ಇಬ್ಬರು ಬರ್ತಾರೆ, ಅಷ್ಟರಲ್ಲಿ ಮೊದಲೇ ಕೂತಿದ್ದ ಒಬ್ಬ ಬೇಸತ್ತು ಯಾರದೋ ಬೈಕ್ ಹತ್ತಿ ಹೋಗಿರ್ತಾನೆ. ಮತ್ತೆ ಒಂದು ಸೀಟು ಖಾಲಿ. ಎಂಜಿನ್ ಚಾಲೂ ಮಾಡಿ ನಾಲ್ಕು ಹೆಜ್ಜೆ ಮುಂದೆ ಒಯ್ತಾನೆ, ಹೊರಟೆವು ಅಂತ ಚೀಲ ಸರಿಮಾಡಿಕೊಳ್ಳೋಷ್ಟರಲ್ಲಿ ರಿವರ್ಸ್ ತಗೋತಾನೆ.

ಅವನನ್ನು ಬೈದು ಏನೂ ಪ್ರಯೋಜನವಿಲ್ಲ. ಡೀಸೆಲ್ ಹುಟ್ಟಬೇಕಲ್ಲ. ಮೊದಲು ಅವನ ಗಾಡಿ ತುಂಬಿಸ್ತಿದ್ದವರು ಸಂತೆಗೆ, ಆಸ್ಪತ್ರೆಗೆ ಹೋಗೋ ಹೆಂಗಸರು. ಈಗ ಅವರೆಲ್ಲ ಸರ್ಕಾರಿ ಬಸ್ಸಿನ ಹೊತ್ತಿಗೇ ಕೆಲಸ ಹೊಂದಿಸಿಕೊಂಡಿದ್ದಾರೆ. ಉಳಿದ ಗಂಡಸರಲ್ಲಿ ಅರ್ಧ ಜನಕ್ಕೆ ಸ್ವಂತ ಬೈಕಿದೆ. ಹೀಗಾಗಿ ಬಸ್ಸಿಲ್ಲದ ಮಧ್ಯಾಹ್ನದಲ್ಲಿ ನಮಗಿದ್ದ ಒಂದೇ ಗಾಡಿ ತುಂಬೋಕೆ ಮೊದಲಿಗಿಂತ ಹೆಚ್ಚು ಹೊತ್ತು ತಗೊಳ್ಳುತ್ತೆ. ನಾನು ಒಬ್ಬನೇ ಎಲ್ಲ ಸೀಟಿನ ದುಡ್ಡು ಕೊಟ್ಟು ಬಂದಿದ್ದೂ ಇದೆ, ಅದೇನು ದಿನಾ ಮಾಡೋ ಕೆಲಸವೇ?

ಎಕ್ಸೆಲ್ 22,000ಕ್ಕೆ ಸಿಕ್ಕಿತು. ಮುಂದೆ ಕಾಲಿಡೋ ಜಾಗದಲ್ಲಿ 45 ಕೆ.ಜಿ. ಯೂರಿಯಾ ಚೀಲ ಕೂರುತ್ತೆ, ಬೈಕಿನಲ್ಲಿ ಇದಾಗಲ್ಲ. ಹಿಂದೆ ಹಾಲಿನ ಕ್ಯಾನು. ಹೆದ್ದಾರಿಯಲ್ಲಿ ಲಾರಿ ಪಕ್ಕದಲ್ಲಿ ಹೋದರೆ ಗಾಡಿ ಅಲುಗಾಡುತ್ತೆ, ಅದಕ್ಕೇ ಸರ್ವಿಸ್ ರೋಡ್ ಬಿಡಲ್ಲ. ಮಳೆಗಾಲದಲ್ಲಿ ಎರಿ (ಕಪ್ಪು ಮಣ್ಣಿನ) ಹೊಲದ ದಾರಿಗೆ ಇಳಿಸಿದರೆ ಚಕ್ರಕ್ಕೆ ಮಣ್ಣು ಕಚ್ಚಿ ನೂಕೋದೇ ಗತಿ. ಪೆಟ್ರೋಲು ನೂರು ದಾಟಿದ್ದರೂ ನನ್ನ ಓಡಾಟಕ್ಕೆ ಭಾರ ಅನಿಸಿಲ್ಲ.

ಮೆಣಸಿನಕಾಯಿ ಚೀಲ ಬ್ಯಾಡಗಿ ಮಾರುಕಟ್ಟೆಗೆ ಒಯ್ಯೋಕೆ ಮೂರೂ ಬೇಡ, ನಾಲ್ಕು ಮನೆಯವರು ಸೇರಿ ಗೂಡ್ಸ್ ಗಾಡಿ ಮಾಡಿಕೊಳ್ಳಿ.

ದಿನಾ ಬೆಳಗ್ಗೆ ಹೋಗಿ ಸಂಜೆ ಬರೋ ಹೆಣ್ಣುಮಕ್ಕಳಿದ್ದ ಮನೆಗೆ ವಸ್ತಿ ಬಸ್ಸೇ ಸಾಕು, ಸಾಲ ಮಾಡಿ ಗಾಡಿ ಬೇಡ. ನನ್ನಂಗೆ ಹನ್ನೊಂದಕ್ಕೆ ಹೋಗಿ ಎರಡಕ್ಕೆ ಹೊಲಕ್ಕೆ ವಾಪಸ್ ಬರಬೇಕಾದವರು ಹಳೇ ಎಕ್ಸೆಲ್ ಹುಡುಕಿ. ಟೂ ಸ್ಟ್ರೋಕ್ ಬೇಡ, ಫೋರ್ ಸ್ಟ್ರೋಕೇ ನೋಡಿ. ಆರ್‌ಸಿ ನಿಮ್ಮ ಹೆಸರಿಗೆ ಆಗೋವರೆಗೂ ಪೂರ್ತಿ ದುಡ್ಡು ಕೊಡಬೇಡಿ.