ಬಾಸ್ಕ್ ನಾಡಿನ ಹಾಲಿನ ಕುರಿ: ಕಪ್ಪು ತಲೆಯದೋ, ಕೆಂಪು ತಲೆಯದೋ, ಲಕೋನ್ ತಳಿಯೋ?

ಫ್ರಾನ್ಸಿನ ಬಾಸ್ಕ್ ನಾಡಿನಲ್ಲಿ ಕುರಿ ಸಾಕಿ ಚೀಸ್ ಮಾಡಬೇಕು, ಯಾವ ತಳಿ ತರಲಿ ಎಂದು ಕೇಳಿದ್ದೀರಿ. ನಮ್ಮ ಬನ್ನೂರು, ಡೆಕ್ಕನಿ ಕುರಿಗಳನ್ನು ಸಾಕುವುದು ಮಾಂಸ, ಉಣ್ಣೆಗೆ. ಅಲ್ಲಿ ಹಾಲೇ ಜೀವಾಳ.

ಹಾಲಿನ ಲೆಕ್ಕದಲ್ಲಿ ಲಕೋನ್ ಮುಂದು. ಆಮೇಲೆ ಕೆಂಪು ತಲೆಯ ಮನೆಶ್ (ಮನೆಶ್ ಎಂದರೆ ಬಾಸ್ಕ್ ನಾಡಿನದೇ ಕುರಿ, ಕೆಂಪು ತಲೆ, ಕಪ್ಪು ತಲೆ ಎಂದು ಎರಡು ತಳಿ). ಕಪ್ಪು ತಲೆಯ ಮನೆಶ್ ಇವೆರಡಕ್ಕಿಂತ ಕಡಿಮೆ.

ಆದರೆ ಹಾಲು ಜಾಸ್ತಿ ಬಂದರೆ ಸಾಕೇ? ಮಾರಾಟ ನೋಡಿ. ಲಕೋನ್ ಹಾಲಿನಿಂದ ರೋಕ್ಫೋರ್ ಚೀಸ್ ಆಗುತ್ತದೆ, ಅದರ ಸೀಮೆಯೇ ಬೇರೆ. ಬಾಸ್ಕ್ ನಾಡಿನ ಹೆಸರುವಾಸಿ ಒಸ್ಸೋ-ಇರಾತಿ ಚೀಸ್‌ಗೆ ಎರಡು ಮನೆಶ್ ತಳಿ ಮತ್ತು ಬಾಸ್ಕೊ-ಬೆಯಾರ್ನೆಸ್ ಎಂಬ ಇನ್ನೊಂದು ತಳಿಯ ಹಾಲು ಮಾತ್ರ ನಡೆಯುತ್ತದೆ. 1980ರಿಂದ ಆ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಆ ಹೆಸರಲ್ಲಿ ಮಾರುವ ಆಸೆಯಿದ್ದರೆ ಲಕೋನ್ ಬಿಟ್ಟುಬಿಡಿ.

ಇನ್ನು ಬೆಟ್ಟ. ಕಪ್ಪು ತಲೆಯದು ನನಗೆ ತುಂಬಾ ಇಷ್ಟವಾಗುವುದು ಇಲ್ಲೇ. ಹೆಣ್ಣಿಗೂ ಕೊಂಬು. ಉದ್ದನೆಯ ಒರಟು ಉಣ್ಣೆಯ ಮೇಲೆ ಅಲ್ಲಿನ ಪಿರೆನೀಸ್ ಬೆಟ್ಟಗಳ ಮಳೆ ಜಾರಿಹೋಗುತ್ತದೆ. ಬೇಸಿಗೆಯಲ್ಲಿ ಎತ್ತರದ ಹುಲ್ಲುಗಾವಲಿಗೆ ಹೊಡೆದರೆ ಕಡಿದಾದ ಇಳಿಜಾರಿನಲ್ಲೂ ಮೇಯುತ್ತದೆ. ಹಾಲು ಕಡಿಮೆ ಎಂದು ಜನ ಕೆಂಪು ತಲೆಯತ್ತ ಹೊರಳಿದ್ದಾರೆ, ಇದರ ಸಂಖ್ಯೆ ಕುಗ್ಗಿದೆ. ಇಂಥ ಗಟ್ಟಿ ತಳಿ ಕಳೆದುಹೋಗಬಾರದು, ಅಲ್ವಾ?

ಹಾಗಾಗಿ ಕಣಿವೆಯಲ್ಲಿ ಒಳ್ಳೆ ಹುಲ್ಲುಗಾವಲಿದ್ದು, ಡೇರಿಗೆ ಹಾಲು ಹಾಕುವುದಾದರೆ ಕೆಂಪು ತಲೆ ತನ್ನಿ. ಬೆಟ್ಟಕ್ಕೆ ಹೋಗುವ ಹಿಂಡು, ಸ್ವಂತ ಕೈಯ ಚೀಸ್, ನೇರ ಗಿರಾಕಿ ಇದ್ದರೆ ಕಪ್ಪು ತಲೆ. ಒಸ್ಸೋ-ಇರಾತಿ ಹೆಸರು ಬೇಡ, ಕೊಟ್ಟಿಗೆಯಲ್ಲೇ ಚೆನ್ನಾಗಿ ಮೇವು ಹಾಕುತ್ತೇನೆ ಎನ್ನುವವರಿಗೆ ಲಕೋನ್.